ಹೊಸ ಟೀಚರ್ ಪಕ್ಕ ಯಾರು ಕೂರ್ತಾರೆ?

ನೀವು ಐಟಿಯಲ್ಲಿದ್ದರೆ ಕೆಲಸಕ್ಕೆ ಸೇರಿದ ಮೊದಲ ತಿಂಗಳು ನೆನಪಿಸಿಕೊಳ್ಳಿ. ಲ್ಯಾಪ್‌ಟಾಪ್ ಕೊಡ್ತಾರೆ, ಐಡಿ ಕಾರ್ಡ್ ಕೊಡ್ತಾರೆ, ಜೊತೆಗೆ ಒಬ್ಬ ‘ಬಡ್ಡಿ’ಯನ್ನೂ ಕೊಡ್ತಾರೆ. (‘ಕಂಪನಿಯಲ್ಲಿ ನಂಗೊಬ್ಬ ಬಡ್ಡಿ ಕೊಟ್ಟಿದ್ದಾರೆ’ ಅಂತ ಫೋನಿನಲ್ಲಿ ಹೇಳಿದಾಗ ನಮ್ಮಪ್ಪ, ‘ಎಷ್ಟು ಪರ್ಸೆಂಟಮ್ಮಾ?’ ಅಂದಿದ್ದರು.) ನಾವು ಬರೆದ ನಾಲ್ಕು ಸಾಲು ಕೋಡನ್ನು ಇನ್ನೊಬ್ಬರು ಓದಿ ಒಪ್ಪದೆ ಅದು ಮುಂದಕ್ಕೆ ಹೋಗುವುದಿಲ್ಲ. ಪ್ರೊಡಕ್ಷನ್ ಸರ್ವರ್ ಅಂತೂ ಎಷ್ಟೋ ತಿಂಗಳು ಕೈಗೇ ಕೊಡುವುದಿಲ್ಲ.

ಈಗ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೊಸದಾಗಿ ಸೇರಿದ ಟೀಚರ್ ಒಬ್ಬರನ್ನು ನೋಡಿ. ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರು, ಪ್ರಾರ್ಥನೆ ಮುಗಿಯಿತು, ಹಾಲು ಹಂಚಿದ್ದಾಯಿತು. ಆಮೇಲೆ ಒಂದು ಕೋಣೆ, ಇಪ್ಪತ್ತೇಳು ಮಕ್ಕಳು. ಬಾಗಿಲು ಅರ್ಧ ಮುಚ್ಚಿದೆ. ಅಷ್ಟೇ. ಪ್ರೊಡಕ್ಷನ್ನೇ ಕೈಗೆ ಬಂತು. ಪಕ್ಕದಲ್ಲಿ ಯಾರೂ ಇಲ್ಲ.

ನಾನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಮನೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ. ವಾರದಲ್ಲಿ ಮೂರು ದಿನ ಆಫೀಸು, ಮಾರಿಕುಪ್ಪಂನಿಂದ ಹೊರಡುವ ರೈಲೇ ಗತಿ. ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರ, ಬಂಗಾರಪೇಟೆ ಅಂತ ನಿಲ್ದಾಣಗಳ ಹೆಸರು ನಿದ್ದೆಯಲ್ಲೂ ಹೇಳಬಲ್ಲೆ. ನಮ್ಮಪ್ಪ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಇಳಿಯುತ್ತಿದ್ದವರು. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಬಾಗಿಲು ಹಾಕಿತು. ಆಮೇಲೆ ಊರಿಗೆ ಊರೇ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವುದು ಕಲಿಯಿತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಹೀಗೆ ಬೆಳೆದವಳು ನಾನು. ಈ ಮೂರರ ಮಾತು ಮುಂದೆ ಬರುತ್ತೆ.

ಮೂರು ವರ್ಷದಿಂದ ನಾವೊಂದಿಷ್ಟು ಜನ ಬಂಗಾರಪೇಟೆ, ಕೆಜಿಎಫ್ ತಾಲ್ಲೂಕಿನ ಹೊಸ ಶಿಕ್ಷಕರಿಗೆ ಜೊತೆಗಾರರನ್ನು ಹುಡುಕಿಕೊಡುವ ಕೆಲಸ ಮಾಡ್ತಿದ್ದೀವಿ. ‘ನಾವು’ ಅಂದರೆ ಏಳು ಜನ ನಿವೃತ್ತ ಶಿಕ್ಷಕರು, ಮತ್ತು ನಾನು. ಪಾಠ ಮಾಡುವುದು ನನಗೆ ಬರುವುದಿಲ್ಲ. ಯಾವ ಮೇಷ್ಟ್ರು ಯಾವ ಶಾಲೆಗೆ ಯಾವ ದಿನ ಅನ್ನುವ ಪಟ್ಟಿ ನನ್ನದು, ಮುಖ್ಯಶಿಕ್ಷಕರಿಂದ ಒಪ್ಪಿಗೆ ಕೇಳುವುದು ನನ್ನದು, ರಾತ್ರಿ ಬರುವ ವಾಟ್ಸಾಪ್ ಮೆಸೇಜುಗಳಿಗೆ ಮೊದಲ ಉತ್ತರ ಕೊಡುವುದೂ ನನ್ನದೇ. ಶುರು ಮಾಡಿದ್ದು ನನಗೆ ಕನ್ನಡ ಕಲಿಸಿದ ನಮ್ಮ ಬೀದಿಯ ಹೆಡ್‌ಮಾಸ್ಟ್ರು. ‘ನೀನು ಕಂಪ್ಯೂಟರ್‌ನೋಳಲ್ಲವೇನಮ್ಮಾ, ಒಂದು ಪಟ್ಟಿ ಮಾಡಿಕೊಡು, ಉಳಿದಿದ್ದು ನಾವು ನೋಡ್ಕೋತೀವಿ’ ಅಂದರು. ಆ ಪಟ್ಟಿ ಇನ್ನೂ ಮುಗಿದಿಲ್ಲ.

ಅವರು ಹಾಕಿದ ಕಟ್ಟಳೆಗಳು ನೋಡಿ ನನಗೆ ಮೊದಲು ನಗು ಬಂದಿತ್ತು. ತರಗತಿಗೆ ಹೋದವರು ಕುರ್ಚಿಯ ಮೇಲೆ ಕೂರಬಾರದು, ಮಕ್ಕಳ ಜೊತೆ ಕೂರಬೇಕು. ಕೈಯಲ್ಲಿ ಪೆನ್ನು, ಪುಸ್ತಕ ಇರಬಾರದು. ಪಾಠದ ಮಧ್ಯೆ ಬಾಯಿ ಹಾಕಬಾರದು. ಪಾಠ ಆದ ಮೇಲೂ ಮೊದಲು ಮಾತಾಡಬೇಕಾದ್ದು ಹೊಸ ಟೀಚರ್ರೇ. ‘ಬರೆದುಕೊಳ್ಳೋಕೆ ಶುರು ಮಾಡಿದ್ರೆ ನಾವೂ ಇನ್ಸ್‌ಪೆಕ್ಟ್ರು ಆಗಿಬಿಡ್ತೀವಿ. ಇನ್ಸ್‌ಪೆಕ್ಟ್ರು ಬಂದ ದಿನ ನಾನೇ ಮೂವತ್ತು ವರ್ಷ ನಾಟಕ ಆಡಿದೀನಿ, ನಂಗೊತ್ತಿಲ್ವಾ?’ ಅಂತ ಹೆಡ್‌ಮಾಸ್ಟ್ರ ವಾದ.

ನಮ್ಮ ಪಟ್ಟಿಯಲ್ಲಿರುವವರಲ್ಲಿ ಹೆಚ್ಚಿನವರು ಅತಿಥಿ ಶಿಕ್ಷಕರು. ಹೆಸರು ಚೆನ್ನಾಗಿದೆ, ಅತಿಥಿ. ಕಾಯಂ ಹುದ್ದೆ ಖಾಲಿ ಇರುವ ಕಡೆ ಆ ವರ್ಷದ ಮಟ್ಟಿಗೆ ತೆಗೆದುಕೊಳ್ಳುತ್ತಾರೆ. ಪ್ರಾಥಮಿಕ ಶಾಲೆಯವರಿಗೆ 2022ರಿಂದ ತಿಂಗಳಿಗೆ 10,000 ರೂಪಾಯಿ ಗೌರವಧನ ಇತ್ತು, 2025ರ ಬಜೆಟ್ಟಿನಲ್ಲಿ 2,000 ಏರಿಸಿದರು. ಅದೂ ತಿಂಗಳು ತಿಂಗಳು ಕೈಸೇರುತ್ತೆ ಅನ್ನುವ ಹಾಗಿಲ್ಲ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವುದುಂಟು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಯಾರಾದರೂ ವರ್ಗವಾಗಿ ಬಂದರೆ ‘ಅತಿಥಿ’ ಎದ್ದು ಹೊರಡಬೇಕು.

ಇದರ ಎದುರಿಗೆ ಏನಿದೆ ಗೊತ್ತಾ? ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿ ಬಸ್ಸು. ನಿಮ್ಮ ಕೈಯಲ್ಲಿರುವ ಫೋನು ಅಲ್ಲೇ ಜೋಡಣೆಯಾಗಿದ್ದರೂ ಆಶ್ಚರ್ಯವಿಲ್ಲ. ಬಸ್ಸು ಹಳ್ಳಿ ಬಾಗಿಲಿಗೆ ಬರುತ್ತೆ, ಊಟ ಕೊಡುತ್ತೆ, ಪಿಎಫ್, ಇಎಸ್ಐ ಇರುತ್ತೆ, ಸಂಬಳ ತಿಂಗಳಿಗೆ ಸರಿಯಾಗಿ ಬ್ಯಾಂಕಿಗೆ ಬೀಳುತ್ತೆ. ಡಿ.ಎಡ್ ಮಾಡಿದ ಹುಡುಗಿ ಅದನ್ನು ಬಿಟ್ಟು ಶಾಲೆಗೆ ಯಾಕೆ ಹೋಗಬೇಕು ಅಂತ ಅವಳ ಮನೆಯವರು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಹಾಗೆ ಕೇಳಿಸಿಕೊಂಡವಳು ಒಬ್ಬಳಿದ್ದಾಳೆ. ಕಾಮಸಮುದ್ರದ ಕಡೆಯ ಒಂದು ಹಳ್ಳಿ ಶಾಲೆ, ಆಂಧ್ರ, ತಮಿಳುನಾಡು ಎರಡೂ ಗಡಿ ಹತ್ತಿರ. ಆನೆ ಹಿಂಡು ಬಂದಿದೆ ಅಂತ ಸುದ್ದಿಯಾದ ದಿನ ಮಕ್ಕಳೇ ಬರುವುದಿಲ್ಲ. ಆಕೆಗೆ ಇಪ್ಪತ್ತಮೂರು ವರ್ಷ, ಮೊದಲ ಕೆಲಸ, ಕೊಟ್ಟಿದ್ದು ನಲಿ-ಕಲಿ ಕೋಣೆ.

ನಲಿ-ಕಲಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಕೂತು ಕಾರ್ಡುಗಳಿಂದ ಕಲಿಯುವ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತು. ಅಲ್ಲಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಕೊಂಡು ಬಂದು ತಾವೇ ಕೂತು ಕಾರ್ಡು ಮಾಡಿದರು. ರಿಷಿ ವ್ಯಾಲಿ ಇರುವುದು ಮದನಪಲ್ಲಿ ಹತ್ತಿರ, ನಮ್ಮ ಕೋಲಾರ ಜಿಲ್ಲೆಯ ಗಡಿ ದಾಟಿದರೆ ಸಿಗುವ ಸೀಮೆ. 2009-10ರ ಹೊತ್ತಿಗೆ ಇದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಮಗು ಕಲಿಕೆಯ ಏಣಿಯಲ್ಲಿ ಎಲ್ಲಿದೆಯೋ ಅದರ ಪ್ರಕಾರ ಐದು ಗುಂಪು. ಒಂದು ಗುಂಪಿಗೆ ಟೀಚರ್ ಪೂರ್ತಿ ಕೂತು ಹೇಳಿಕೊಡಬೇಕು, ಇನ್ನೊಂದಕ್ಕೆ ಅರ್ಧ ಸಹಾಯ, ಎರಡು ಗುಂಪಿನಲ್ಲಿ ಮಕ್ಕಳೇ ಮಕ್ಕಳಿಗೆ ಆಸರೆ, ಐದನೆಯದರಲ್ಲಿ ಮಗು ತಾನೇ ಕಲಿಯುತ್ತೆ. ಕಾಗದದ ಮೇಲೆ ತುಂಬ ಚೆಂದ. ಮಾಡಬಲ್ಲ ಕೈಗೆ ಸಿಕ್ಕರೆ ನೆಲದ ಮೇಲೂ ಚೆಂದ, ನಾನೇ ನೋಡಿದ್ದೇನೆ. ಆದರೆ ಮೊದಲ ವರ್ಷದ ಟೀಚರ್‌ಗೆ ಅದು ಐದು ಒಲೆ ಒಟ್ಟಿಗೆ ಹಚ್ಚಿಟ್ಟು ಒಬ್ಬಳನ್ನೇ ಅಡುಗೆಗೆ ನಿಲ್ಲಿಸಿದ ಹಾಗೆ.

ನವೆಂಬರ್‌ನ ಒಂದು ಶುಕ್ರವಾರ, ರಾತ್ರಿ ಹತ್ತೂ ಮುಕ್ಕಾಲಿಗೆ ಮೆಸೇಜು ಬಂತು. ‘ಅಕ್ಕಾ, ಮಕ್ಕಳು ನನ್ನ ಮಾತು ಕೇಳ್ತಿಲ್ಲ. ಕಿರುಚಿ ಕಿರುಚಿ ಗಂಟಲು ಹೋಯ್ತು. ಸೋಮವಾರದಿಂದ ಬಸ್ ಹತ್ತುತ್ತೀನಿ. ಸಾರಿ.’

ಫೋನ್ ಮಾಡಿದೆ. ಬಿಡಬೇಡ ಅಂತ ಹೇಳಲಿಲ್ಲ, ಹೇಳುವ ಹಕ್ಕು ನನಗಿರಲಿಲ್ಲ. ‘ಸೋಮವಾರ ನಿಮ್ಮ ಶಾಲೆಗೆ ದೊಡ್ಡ ಟೀಚರ್ ಬರೋ ದಿನ ಇದೆ, ಬರಲಾ ಬೇಡವಾ ಅಂತ ಅವರಿಗೆ ಏನ್ ಹೇಳ್ಲಿ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಾಪ ಅವರು ಎರಡು ಬಸ್ ಹತ್ತಿ ಬರ್ತಾರೆ, ಬರ್ಲಿ ಬಿಡಿ, ಸೋಮವಾರ ಒಂದಿನ ಇರ್ತೀನಿ’ ಅಂದಳು.

ದೊಡ್ಡ ಟೀಚರ್ ಅಂದರೆ ನಲಿ-ಕಲಿ ಕೋಣೆಯಲ್ಲೇ ಕೊನೆಯ ಹತ್ತು ವರ್ಷ ಕಳೆದು ನಿವೃತ್ತರಾದವರು. ಮಂಡಿ ನೋವು. ಆದರೂ ಐದನೇ ಗುಂಪಿನ ಮಕ್ಕಳ ಜೊತೆ ನೆಲದ ಮೇಲೇ ಕೂತರು. ಮಧ್ಯಾಹ್ನದ ಊಟದವರೆಗೆ ತುಟಿ ಬಿಚ್ಚಲಿಲ್ಲವಂತೆ. ಊಟದ ಹೊತ್ತಿಗೆ ಈಕೆ ತಾನೇ ಅಳುತ್ತಾ ಎಲ್ಲ ಹೇಳಿಕೊಂಡಳು. ಅವರು ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ‘ಬೆಳಿಗ್ಗೆಯಿಂದ ಮಕ್ಕಳು ಎಷ್ಟು ಸಲ ನಿನ್ನ ಹತ್ರ ಎದ್ದು ಬಂದ್ರು ಪುಟ್ಟಾ? ಯಾತಕ್ಕೆ ಬಂದ್ರು?’

ಗೊತ್ತಿರಲಿಲ್ಲ. ಮಧ್ಯಾಹ್ನ ಎಣಿಸು ಅಂದರು. ಈಕೆ ಕಪ್ಪುಹಲಗೆಯ ಮೂಲೆಯಲ್ಲಿ ಗೀಟು ಹಾಕುತ್ತಾ ಹೋದಳು. ಪಾಠ ಕೇಳಲು ಬಂದ ಮಕ್ಕಳು ನಾಲ್ಕೋ ಐದೋ. ಉಳಿದವರೆಲ್ಲ ಬಂದಿದ್ದು ‘ಮಿಸ್, ಮುಂದಿನ ಕಾರ್ಡು’, ‘ಮಿಸ್, ಪೆನ್ಸಿಲ್ ಮುರೀತು’, ‘ಮಿಸ್, ನೀರು’ ಅಂತ. ಕಾರ್ಡುಗಳು ಕಳೆದುಹೋಗಬಾರದು ಅಂತ ಆಕೆ ಅವನ್ನು ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಿದ್ದಳು. ಮೆಂಡರ್ ಆಕೆಯ ಮೇಜಿನ ಡ್ರಾಯರಿನಲ್ಲಿ. ತಾನೇ ಕಲಿಯಬೇಕಾದ ಗುಂಪು ಹತ್ತು ನಿಮಿಷಕ್ಕೆ ಕಾರ್ಡು ಮುಗಿಸಿ, ಕೊಡುವವರಿಲ್ಲದೆ, ಒಬ್ಬರ ಜುಟ್ಟು ಇನ್ನೊಬ್ಬರು ಹಿಡಿಯುತ್ತಿತ್ತು.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಎಲ್ಲ ರಿಕ್ವೆಸ್ಟೂ ಒಂದೇ ಸರ್ವರ್‌ಗೆ ಬಂದು ಬೀಳ್ತಿತ್ತು.

ಮಂಗಳವಾರ ಕಾರ್ಡುಗಳು ಮಕ್ಕಳ ಕೈಗೆಟುಕುವ ಕೆಳಗಿನ ಅರೆಗೆ ಬಂದವು. ಮೆಂಡರ್ ಮೂರನೇ ತರಗತಿಯ ಒಬ್ಬ ಹುಡುಗಿಯ ವಶಕ್ಕೆ ಹೋಯಿತು. ಆ ಹುಡುಗಿ ಅದನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಓಡಾಡಿದಳಂತೆ, ಪೊಲೀಸರ ಸೀಟಿ ಥರ. ನೀರಿನ ಬಿಂದಿಗೆ ಬಾಗಿಲ ಪಕ್ಕಕ್ಕೆ. ಗಲಾಟೆ ನಿಂತುಹೋಯಿತು ಅಂದರೆ ಸುಳ್ಳಾಗುತ್ತೆ. ಆದರೆ ಆಕೆ ಆವತ್ತು ಒಂದು ಗುಂಪಿನ ಜೊತೆ ಸತತ ಇಪ್ಪತ್ತು ನಿಮಿಷ ಕೂತಳು, ಜೂನ್‌ನಿಂದ ಮೊದಲ ಬಾರಿಗೆ. ಬಸ್ಸಿನ ವಿಷಯ ಮುಂದಿನ ಸೋಮವಾರಕ್ಕೆ ಹೋಯಿತು, ಆಮೇಲೆ ಅದರ ಮುಂದಿನ ಸೋಮವಾರಕ್ಕೆ.

ಇದನ್ನೇ ಯಾರಾದರೂ ತರಬೇತಿಯಲ್ಲಿ ಹೇಳಿಕೊಡಬಹುದಿತ್ತಲ್ಲ ಅಂತೀರಾ? ಹೇಳಿಕೊಟ್ಟಿದ್ದರು. ‘ಕಾರ್ಡುಗಳು ಮಕ್ಕಳ ಕೈಗೆ ಸಿಗುವಂತಿರಲಿ’ ಅನ್ನುವುದು ಆಕೆಯ ನೋಟ್ಸಿನಲ್ಲೇ ಇತ್ತು, ತೋರಿಸಿದಳು. ಜುಲೈನಲ್ಲಿ ಹಾಲ್‌ನಲ್ಲಿ ಕೂತು ಬರೆದುಕೊಂಡ ಸಾಲು ನವೆಂಬರ್‌ನ ಮಧ್ಯಾಹ್ನ ಎರಡೂವರೆಗೆ, ಹಸಿದು ಉಂಡು ತೂಕಡಿಸುವ ಮಕ್ಕಳ ನಡುವೆ ನೆನಪಿಗೆ ಬರುವುದಿಲ್ಲ.

ಇನ್ನೊಬ್ಬರದು ಬೇರೆಯೇ ಕಥೆ. ಅವರು ಕಾಯಂ ಶಿಕ್ಷಕರು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆಯಿತಲ್ಲ, ಕೋರ್ಟು ಗೀರ್ಟು ಎಲ್ಲ ಮುಗಿದ ಮೇಲೆ ಮರುವರ್ಷ ಆದೇಶ ಸಿಕ್ಕವರು. ಊರು ವಿಜಯಪುರ ಜಿಲ್ಲೆ. ಬಂದು ಬಿದ್ದಿದ್ದು ಕೆಜಿಎಫ್‌ನ ಒಂದು ಶಾಲೆಗೆ, ಕಿಟಕಿಯಿಂದ ನೋಡಿದರೆ ಸಯನೈಡ್ ಗುಡ್ಡ. ‘ಮಳಿಗಾಲದಾಗೂ ಇದು ಹಸಿರಾಗಂಗಿಲ್ಲೇನ್ರಿ?’ ಅಂತ ಮೊದಲ ಸಲ ಸಿಕ್ಕಾಗ ನನ್ನನ್ನು ಕೇಳಿದ್ದರು. ಜೋಳದ ರೊಟ್ಟಿ ಸಿಗುವುದಿಲ್ಲ ಅನ್ನುವುದು ಎರಡನೇ ದೂರು. ಅದನ್ನು ಬಗೆಹರಿಸುವುದಕ್ಕೆ ನಮಗೆ ಎರಡು ತಿಂಗಳು ಹಿಡಿಯಿತು, ಅದು ಬಿಡಿ.

ಅವರ ತರಗತಿ ವಿಚಿತ್ರವಾಗಿ ಮೌನವಾಗಿರುತ್ತಿತ್ತು. ಎಂಟನೇ ತರಗತಿ ವಿಜ್ಞಾನ, ಸೂಕ್ಷ್ಮಜೀವಿಗಳ ಪಾಠ, ಹಾಲು ಮೊಸರಾಗುವುದು ಹೇಗೆ. ಹೆಡ್‌ಮಾಸ್ಟ್ರು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಸರ್ ಪ್ರಶ್ನೆ ಕೇಳಿದರೆ ಒಬ್ಬ ಹುಡುಗ ಎದ್ದು, ‘ಪಾಲ್ ತಯಿರ್ ಆಗುತ್ತೆ ಸರ್’ ಅಂದ. ‘ಪಾಲ್ ಅಲ್ಲೋ, ಹಾಲು. ತಯಿರ್ ಅಲ್ಲ, ಮೊಸರು. ಕನ್ನಡದಾಗ ಹೇಳು’ ಅಂದರು ಸರ್. ಹುಡುಗ ಕೂತ. ಆಮೇಲೆ ಯಾರೂ ಏಳಲಿಲ್ಲ. ಸರ್ ಕೆಟ್ಟವರಲ್ಲ, ಗದರಿಸಲೂ ಇಲ್ಲ. ಆದರೆ ಮನೆಯಲ್ಲಿ ತಮಿಳಾಡುವ ಮಕ್ಕಳು ಉತ್ತರ ಗೊತ್ತಿದ್ದರೂ ಬಾಯಿ ತೆರೆಯುವ ಮೊದಲು ಪದ ಹುಡುಕಬೇಕಾಗಿತ್ತು, ಹುಡುಕುವ ಹೊತ್ತಿಗೆ ಪಾಠ ಮುಂದೆ ಹೋಗಿರುತ್ತಿತ್ತು. ಸರ್ ಮಾತಾಡುವ ಕನ್ನಡವೂ ಆ ಮಕ್ಕಳು ಅದುವರೆಗೆ ಕೇಳಿದ ಕನ್ನಡವಾಗಿರಲಿಲ್ಲ.

ಪಾಠ ಮುಗಿದ ಮೇಲೆ ಟೀ ತರಿಸಿದರು. ‘ಏನನ್ನಿಸ್ತು ಸರ್?’ ಅಂದರು ಹೆಡ್‌ಮಾಸ್ಟ್ರು. ‘ಈ ಹುಡುಗ್ರಿಗೆ ಓದಿನ ಮ್ಯಾಲೆ ಆಸಕ್ತಿನೇ ಇಲ್ರಿ.’ ಹೆಡ್‌ಮಾಸ್ಟ್ರ ಮನೆಮಾತು ತಮಿಳು, ಮೂವತ್ತಾರು ವರ್ಷ ಕಲಿಸಿದ್ದು ಕನ್ನಡ. ಅವರು ಹಳೇ ಕ್ಯಾಲೆಂಡರಿನ ಹಿಂಬದಿಗೆ ಎರಡು ಸಾಲು ಪದ ಬರೆದರು. ಒಂದು ಕಡೆ ಪಾಲ್, ಪಲ್, ಪುಲಿ, ಪುಲ್, ಪೂ, ಪಾಂಬು. ಇನ್ನೊಂದು ಕಡೆ ಹಾಲು, ಹಲ್ಲು, ಹುಲಿ, ಹುಲ್ಲು, ಹೂ, ಹಾವು.

‘ಪಂಪನ ಕಾಲದಲ್ಲಿ ನಿಮ್ಮೂರಲ್ಲೂ ಪಾಲ್ ಅಂತಲೇ ಅಂತಿದ್ದದ್ದು ಸರ್. ಆಮೇಲೆ ನಾವು ಪಕಾರ ಬಿಟ್ಟು ಹಕಾರ ಹಿಡಿದ್ವಿ, ತಮಿಳಿನೋರು ಬಿಡಲಿಲ್ಲ. ಹುಡುಗ ತಪ್ಪು ಹೇಳಲಿಲ್ಲ, ಸಾವಿರ ವರ್ಷ ಹಳೇದು ಹೇಳ್ದ.’

ಸರ್ ಬಹಳ ಹೊತ್ತು ಆ ಕ್ಯಾಲೆಂಡರನ್ನೇ ನೋಡಿದರಂತೆ. ಮಾರನೇ ದಿನ ಅದನ್ನು ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ, ‘ಇಂಥವು ಇನ್ನೆಷ್ಟು ಅದಾವ, ಹುಡುಕ್ರಿ’ ಅಂದರು. ಮಕ್ಕಳಿಗೆ ಆಟವಾಯಿತು. ಪಲ್ಲಿ–ಹಲ್ಲಿ ಬಂತು, ಪಸು–ಹಸು ಬಂತು. ಒಬ್ಬಳು ‘ಪಳ್ಳಿ–ಹಳ್ಳಿ’ ಅಂದಾಗ ತರಗತಿಯೇ ನಕ್ಕಿತು, ಯಾಕೆಂದರೆ ಪಳ್ಳಿ ಅಂದರೆ ತಮಿಳಿನಲ್ಲಿ ಶಾಲೆ. ಹೆಡ್‌ಮಾಸ್ಟ್ರಿಗೆ ಫೋನ್ ಹೋಯಿತು. ‘ಅದೂ ಸರಿನೇ, ಒಂದೇ ಬೇರಿನ ಪದ. ಅರ್ಥ ಎರಡು ದಾರಿ ಹಿಡೀತು ಅಷ್ಟೇ’ ಅಂತ ಉತ್ತರ ಬಂತು.

ವಿಜ್ಞಾನದ ಮೇಷ್ಟ್ರು ಇದಕ್ಕೆಲ್ಲ ಸಮಯ ಹಾಳು ಮಾಡಬೇಕಾ ಅಂತ ಕೇಳಿದವರೂ ಇದ್ದಾರೆ. ಆ ತರಗತಿಯಲ್ಲಿ ಈಗ ಕೈಗಳು ಏಳುತ್ತವೆ. ಮಕ್ಕಳು ಮೊದಲು ‘ತಯಿರ್’ ಅಂತಾರೆ, ಸರ್ ‘ಹೌದಾ, ಮೊಸರು’ ಅಂತಾರೆ, ಪಾಠ ನಿಲ್ಲುವುದಿಲ್ಲ. ಸರ್‌ಗೂ ಒಂದಿಷ್ಟು ತಮಿಳು ಬಂದಿದೆ. ಅದನ್ನು ಅವರು ವಿಜಯಪುರದ ರಾಗದಲ್ಲಿ ಆಡುವುದನ್ನು ಕೇಳಬೇಕು ನೀವು.

ನಮ್ಮ ವ್ಯವಸ್ಥೆಯಲ್ಲಿ ಹೊಸಬರಿಗೆ ಬೆಂಬಲ ಕೊಡಲು ಯಾರೂ ಇಲ್ಲ ಅಂತಲ್ಲ. ಪ್ರತಿ ಕ್ಲಸ್ಟರ್‌ಗೊಬ್ಬ ಸಿಆರ್‌ಪಿ ಇದ್ದಾರೆ, ಬ್ಲಾಕಿಗೆ ಬಿಆರ್‌ಸಿ, ಜಿಲ್ಲೆಗೆ ಡಯಟ್. ಶಾಲೆಗೆ ಹೋಗಿ ಶಿಕ್ಷಕರ ಪಕ್ಕ ಕೂರುವುದೇ ಸಿಆರ್‌ಪಿಗಳ ಮೂಲ ಕೆಲಸ. ನಾನು ಕಂಡ ಹಾಗೆ ಅವರ ದಿನವೆಲ್ಲ ಅಂಕಿಅಂಶ ಸೇರಿಸುವುದರಲ್ಲೇ ಹೋಗುತ್ತೆ: ಮೊಟ್ಟೆ ಎಷ್ಟು, ಶೂ ಎಷ್ಟು, ಎಸ್‌ಎಟಿಎಸ್‌ನಲ್ಲಿ ಎಷ್ಟು ಮಕ್ಕಳ ಮಾಹಿತಿ ಬಾಕಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಹಿರಿಯ, ನಿವೃತ್ತ ಬೋಧಕರು ಕಿರಿಯರಿಗೆ ಮಾರ್ಗದರ್ಶನ ಮಾಡುವ ರಾಷ್ಟ್ರೀಯ ಅಭಿಯಾನದ ಪ್ರಸ್ತಾಪವಿದೆ. ಜಪಾನಿನಲ್ಲಿ 1989ರಿಂದಲೇ ಸರ್ಕಾರಿ ಶಾಲೆಯ ಹೊಸ ಶಿಕ್ಷಕರಿಗೆ ಮೊದಲ ವರ್ಷ ಪೂರ್ತಿ ಕಲಿಕೆ ಕಡ್ಡಾಯ, ಮಾರ್ಗದರ್ಶನಕ್ಕೆ ಹಿರಿಯ ಶಿಕ್ಷಕರೊಬ್ಬರು ಇರುತ್ತಾರೆ. ಒಬ್ಬರ ಪಾಠವನ್ನು ಉಳಿದ ಶಿಕ್ಷಕರು ಕೂತು ನೋಡಿ ಚರ್ಚಿಸುವುದು ಅಲ್ಲಿ ಹಳೆಯ ರೂಢಿ. ನಮ್ಮ ಕೋಡ್ ರಿವ್ಯೂ ಇದ್ದ ಹಾಗೆ.

ತಿಂಗಳ ಕೊನೆಯ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎಲ್ಲರೂ ಬಂಗಾರಪೇಟೆಯಲ್ಲಿ ಸೇರ್ತೀವಿ. ಕಷ್ಟ ಹೇಳಿಕೊಳ್ಳುವುದು ಒಂದು ಗಂಟೆ, ಆಮೇಲೆ ಪಾನಿಪುರಿ. ಬಂಗಾರಪೇಟೆಯ ಬಣ್ಣವಿಲ್ಲದ ನೀರಿನ ಪಾನಿಪುರಿಗೂ ನಮ್ಮ ಹಾಜರಾತಿಗೂ ಸಂಬಂಧ ಇದೆ ಅಂತ ನನ್ನ ಗುಮಾನಿ.

ಅಲ್ಲಿ ಬಗೆಹರಿಯದ ವಿಷಯಗಳೇ ಹೆಚ್ಚು. ಗೌರವಧನ ಬಂದಿಲ್ಲ ಅಂದರೆ ನಾವು ಏನೂ ಮಾಡಲಾರೆವು. ಎಷ್ಟು ಚೆನ್ನಾಗಿ ಪಕ್ಕ ಕೂತರೂ ಬಾಡಿಗೆ ಕಟ್ಟಲಾಗುವುದಿಲ್ಲ. ಚೆನ್ನಾಗಿ ಕಲಿಸುತ್ತಿದ್ದ ಒಬ್ಬ ಹುಡುಗ ಹೊಸಕೋಟೆಯ ಗೋಡೌನ್ ಕೆಲಸಕ್ಕೆ ಹೋದ. ತಂಗಿ ಮದುವೆ ಇತ್ತು. ಹೋಗುವ ಮುಂಚೆ ಒಂದು ಭಾನುವಾರ ಪೂರ್ತಿ ಕೂತು, ಯಾವ ಮಗು ಯಾವ ಪಾಠದಲ್ಲಿ ನಿಂತಿದೆ ಅಂತ ಬರೆದು ಮುಂದಿನವರಿಗೆ ಕೊಟ್ಟು ಹೋದ. ಅಷ್ಟು ನೀಟಾದ ಹ್ಯಾಂಡೋವರ್ ನಮ್ಮ ಆಫೀಸಿನಲ್ಲೂ ನಾನು ನೋಡಿಲ್ಲ.

ಕಾಮಸಮುದ್ರದ ಹುಡುಗಿ ವರ್ಷ ಮುಗಿಸಿದಳು. ಏಪ್ರಿಲ್, ಮೇ ಎರಡು ತಿಂಗಳು ಆ ಬಸ್ಸನ್ನೇ ಹತ್ತಿದಳು, ಮನೆ ನಡೆಯಬೇಕಲ್ಲ. ಫ್ಯಾಕ್ಟರಿಯಲ್ಲಿ ಮುಂದುವರಿ ಅಂದರಂತೆ. ಜೂನ್‌ನಲ್ಲಿ ಆಕೆ ಶಾಲೆಗೆ ವಾಪಸ್ ಬಂದಳು. ಇದು ಸರಿಯೋ ತಪ್ಪೋ ಹೇಳುವುದು ನನ್ನಿಂದಾಗದು. ಆಕೆಯ ಅಮ್ಮ ಸಂತೆಯಲ್ಲಿ ಸಿಕ್ಕರೆ ನನ್ನ ಜೊತೆ ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ. ‘ಸಾಫ್ಟ್‌ವೇರ್‌ನೋಳು, ಲಕ್ಷ ಎಣಿಸ್ತಾ ನನ್ನ ಮಗಳಿಗೆ ಹತ್ತು ಸಾವಿರದ ಕೆಲಸ ಒಳ್ಳೇದು ಅಂತಾಳೆ’ ಅಂದಿದ್ದಾರಂತೆ. ನಾನು ಹಾಗೆ ಯಾವತ್ತೂ ಹೇಳಿಲ್ಲ. ಆದರೆ ಆ ತಾಯಿ ಮಾತಿನಲ್ಲಿ ಲೆಕ್ಕ ತಪ್ಪಿಲ್ಲ.

ಆಗಸ್ಟಿನಲ್ಲಿ ಆ ಶಾಲೆಗೆ ಕಾಯಂ ಟೀಚರ್ ವರ್ಗವಾಗಿ ಬಂದರು. ಆಕೆಗೆ ಒಂಬತ್ತು ಕಿಲೋಮೀಟರ್ ಆಚೆ ಇನ್ನೊಂದು ಶಾಲೆ ಸಿಕ್ಕಿತು, ಮತ್ತೆ ನಲಿ-ಕಲಿ ಕೋಣೆಯೇ. ಮೊದಲ ದಿನ ಸಂಜೆ ಒಂದು ಫೋಟೋ ಕಳಿಸಿದಳು. ಬೀರುವಿನ ಮೇಲಿನ ಅರೆ ಖಾಲಿ, ಕಾರ್ಡೆಲ್ಲ ಕೆಳಗೆ.

ಈ ವರ್ಷ ಪಟ್ಟಿಗೆ ಹನ್ನೊಂದು ಹೊಸ ಹೆಸರು ಸೇರಿವೆ. ದೊಡ್ಡ ಟೀಚರ್‌ಗೆ ಮಂಡಿ ಆಪರೇಷನ್ ಆಗಿದೆ, ಮೂರು ತಿಂಗಳು ನೆಲದ ಮೇಲೆ ಕೂರುವ ಹಾಗಿಲ್ಲ. ಬೂದಿಕೋಟೆ ಕಡೆಗೆ ನಮಗೆ ಇಬ್ಬರು ಬೇಕು. ನಿಮ್ಮ ಮನೆಯಲ್ಲಿ ಅಪ್ಪನೋ ಅಮ್ಮನೋ ಅತ್ತೆಯೋ ಮೇಷ್ಟರಾಗಿ ನಿವೃತ್ತರಾಗಿ, ಟಿವಿ ರಿಮೋಟ್ ಹಿಡಿದು ಕೂತು ಬೇಜಾರು ಮಾಡಿಕೊಳ್ಳುತ್ತಿದ್ದರೆ ಒಂದು ಮಾತು ಕೇಳಿ ನೋಡಿ. ನಮ್ಮ ಕಡೆಯವರೇ ಆಗಬೇಕಿಲ್ಲ, ನಿಮ್ಮೂರಿನಲ್ಲೂ ಒಬ್ಬ ಹೊಸ ಟೀಚರ್ ಇದ್ದೇ ಇರ್ತಾರೆ. ನಮ್ಮಲ್ಲಿಗೆ ಬರುವವರಿಗೆ ಬಸ್ ಚಾರ್ಜು ನಾವು ಕೊಡ್ತೀವಿ. ಟೀಚರಮ್ಮಂದಿರಿಗೆ ಅದೂ ಬೇಡ, ಶಕ್ತಿ ಯೋಜನೆ ಇದೆ.